‘ಹೊಸ’ ಎಂಬ ಹಳೆಯ ಮಾತು

(ಬಾನುಲಿ ಭಾಷಣ)

ಹೊಸದುರ್ಗ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ 35 ವರ್ಷಗಳ ಕಾಲ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು ನಾನು. ಇಷ್ಟು ವರ್ಷಗಳಲ್ಲಿ ಎಷ್ಟೋ ಹುಡುಗರು ಎಷ್ಟೋ ಪ್ರಶ್ನೆಗಳನ್ನು ಕೇಳಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಮರೆತುಹೋಗಿವೆ. ಒಂದು ಮಾತ್ರ ಮರೆತಿಲ್ಲ.

ಅಂದು ಎಂಟನೆಯ ತರಗತಿಯಲ್ಲಿ ವಿಶೇಷಣಗಳ ಪಾಠ ನಡೆದಿತ್ತು. ಇಂಗ್ಲಿಷಿನ ‘ನ್ಯೂ’ ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ಬರೆದು, ‘ನ್ಯೂ ಎಂದರೆ ಹೊಸ’ ಎಂದು ಹೇಳಿ ಮುಂದಿನ ಪದಕ್ಕೆ ಹೋಗುವುದರಲ್ಲಿದ್ದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. “ಸಾರ್, ನಮ್ಮೂರು ಹೊಸದುರ್ಗ ಅಲ್ವಾ? ಹಂಗಾದ್ರೆ ಹಳೇ ದುರ್ಗ ಎಲ್ಲೈತೆ?” ಎಂದ. ತರಗತಿ ನಕ್ಕಿತು. ನಗು ನಿಂತ ಮೇಲೂ ಅವನು ಕೂಡಲಿಲ್ಲ. “ಇನ್ನೂ ಎಷ್ಟು ವರ್ಷ ಹೊಸದು ಅಂತಾರೆ ಸಾರ್?” ಎಂದು ಮತ್ತೆ ಕೇಳಿದ.

ಮೇಷ್ಟರ ಬಳಿ ಉತ್ತರವಿಲ್ಲದಿದ್ದಾಗ ಇರುವ ಉತ್ತರ ಒಂದೇ. “ಕೂತ್ಕೊಳೋ” ಎಂದೆ. ಅವನು ಕೂತ. ಪ್ರಶ್ನೆ ಮಾತ್ರ ಕೂರಲಿಲ್ಲ. ಆ ಎರಡು ಪ್ರಶ್ನೆಗಳಿಗೆ ನನಗೆ ತಿಳಿದಷ್ಟು ಉತ್ತರ ಹೇಳುವುದು ಈ ಹೊತ್ತಿನ ನನ್ನ ಉದ್ದೇಶ.

ಮೊದಲ ಪ್ರಶ್ನೆಯ ಉತ್ತರ ಅಷ್ಟು ಕಠಿಣವಾದುದಲ್ಲ. ನಮ್ಮ ಸೀಮೆಯ ಹಳ್ಳಿಗರು ಚಿತ್ರದುರ್ಗವನ್ನು ಪೂರ್ತಿ ಹೆಸರಿನಿಂದ ಕರೆಯುವುದು ಅಪರೂಪ. ‘ದುರ್ಗಕ್ಕೆ ಹೋಗಿದ್ದೆ’, ‘ದುರ್ಗದಿಂದ ಬಂದೆ’ ಎನ್ನುತ್ತಾರೆ. ದುರ್ಗವೆಂದರೆ ಅದೊಂದೇ. ಏಳು ಸುತ್ತಿನ ಆ ಕೋಟೆಯ ನಾಯಕರ ಆಳ್ವಿಕೆಯಲ್ಲಿ, 17ನೆಯ ಶತಮಾನದಲ್ಲಿ, ತೆಂಕಣ ಸೀಮೆಯ ಕಾವಲಿಗೆಂದು ಇನ್ನೊಂದು ಗುಡ್ಡದ ಮೇಲೆ ಇನ್ನೊಂದು ಕೋಟೆ ಎದ್ದಿತು. ಆಗ ಅದನ್ನು ಬೇರೆಯಾಗಿ ಗುರುತಿಸಲು ಒಂದು ಮಾತು ಬೇಕಾಯಿತು. ಮೊದಲಿನದು ದುರ್ಗ, ಇದು ಹೊಸ ದುರ್ಗ. ಆದ್ದರಿಂದ ಹುಡುಗ ಕೇಳಿದ ಹಳೆಯ ದುರ್ಗ ಎಲ್ಲೋ ಮಣ್ಣಿನಲ್ಲಿ ಹೂತುಹೋದ ಊರಲ್ಲ. ಬಸ್ಸು ಹತ್ತಿದರೆ ಸಿಗುವ ಜಿಲ್ಲಾ ಕೇಂದ್ರ. ಹಳೆಯದನ್ನು ಯಾರೂ ಹಳೆಯದೆಂದು ಕರೆಯಲಿಲ್ಲ. ಬಂದದ್ದಕ್ಕೆ ಮಾತ್ರ ಹೊಸದೆಂಬ ಗುರುತನ್ನು ಅಂಟಿಸಿದರು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕೆಂದು ಕೇಳುಗರಲ್ಲಿ ನನ್ನ ಬಿನ್ನಹ. ಮುಂದೆ ಇದು ಬೇಕಾಗುತ್ತದೆ.

ನಮ್ಮ ಸುತ್ತಿನ ಊರುಗಳ ಹೆಸರನ್ನು ಒಮ್ಮೆ ಸಾಲಾಗಿ ಹೇಳಿಕೊಂಡರೆ ಒಂದು ವಿನೋದ ಕಾಣುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಇವುಗಳಲ್ಲಿ ಮೂರು ಹೆಸರುಗಳ ತಲೆಯ ಮೇಲೆ ವಿಶೇಷಣವೇ ಕುಳಿತಿದೆ. ‘ಚಿತ್ರ’ ಎಂಬುದು ನಮಗೆ ಇಂದು ಪಟವಾದರೂ ಸಂಸ್ಕೃತದಲ್ಲಿ ಅದು ಮೊದಲಿಗೆ ಬಣ್ಣಬಣ್ಣದ, ಕಣ್ಸೆಳೆಯುವ, ಅಚ್ಚರಿಯ ಎಂಬ ಗುಣವನ್ನು ಹೇಳುವ ಮಾತು. ‘ದುರ್ಗ’ ಎಂಬುದೂ ಹುಟ್ಟಿನಲ್ಲಿ ಗುಣವಾಚಕವೇ. ಹೋಗಲು ಕಷ್ಟವಾದುದು ದುರ್ಗ. ಆ ಬಂಡೆಗಳನ್ನು ಒಮ್ಮೆ ಹತ್ತಿದವರಿಗೆ ಎರಡು ಗುಣಗಳೂ ಸುಳ್ಳಲ್ಲವೆಂದು ತಿಳಿಯುತ್ತದೆ. ಹಿರಿಯೂರಿನಲ್ಲಿ ‘ಹಿರಿ’ ಇದೆ. ಹೊಸದುರ್ಗದಲ್ಲಿ ‘ಹೊಸ’ ಇದೆ. ಹೊಳಲ್ಕೆರೆಯ ‘ಹೊಳಲು’ ಮಾತ್ರ ನಾಮಪದ. ಪಟ್ಟಣ ಎಂದು ಅದರ ಅರ್ಥ. ಪಟ್ಟಣದ ಕೆರೆ ಹೊಳಲ್ಕೆರೆ.

ವಿನೋದ ಇಲ್ಲಿಗೆ ಮುಗಿಯುವುದಿಲ್ಲ. ಹಿರಿ, ಹೊಸ, ಹೊಳಲು ಈ ಮೂರೂ ‘ಹ’ಕಾರದಿಂದ ಆರಂಭವಾಗುತ್ತವೆ. ಸಾವಿರ ವರ್ಷ ಹಿಂದಕ್ಕೆ ಹೋದರೆ ಈ ಮೂರರಲ್ಲಿ ಒಂದೂ ‘ಹ’ಕಾರದಿಂದ ಆರಂಭವಾಗುತ್ತಿರಲಿಲ್ಲ. ಪಂಪನ ಕಾಲದ ಕನ್ನಡದಲ್ಲಿ ಅವು ಪಿರಿ, ಪೊಸ, ಪೊೞಲ್. ಹಳಗನ್ನಡದ ಮೊದಲಕ್ಷರದ ಪಕಾರ ಕ್ರಮೇಣ ಹಕಾರವಾಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಸುಮಾರು 10ನೆಯ ಶತಮಾನದ ವೇಳೆಗೆ ತಲೆದೋರಿದ ಈ ಮಾರ್ಪಾಟು ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಕನ್ನಡ ನಾಡನ್ನೆಲ್ಲ ವ್ಯಾಪಿಸಿತು. 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜ ಪಕಾರಕ್ಕೆ ಹಕಾರ ಬರುವುದನ್ನು ಗಮನಿಸಿ ಸೂತ್ರದಲ್ಲಿ ಅದಕ್ಕೆ ಎಡೆ ಕೊಟ್ಟಿದ್ದಾನೆ. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದಾದ, ಸುಮಾರು ಕ್ರಿ. ಶ. 450ರದೆಂದು ಹೇಳಲಾಗುವ ಹಲ್ಮಿಡಿಯ ಶಾಸನದಲ್ಲಿ ಆ ಊರಿನ ಹೆಸರು ‘ಪಲ್ಮಡಿ’. ಶಾಸನದ ಊರೇ ತನ್ನ ಪಕಾರವನ್ನು ಬಿಟ್ಟುಕೊಟ್ಟ ಮೇಲೆ ನಮ್ಮ ಹಿರಿಯೂರು ಹೊಳಲ್ಕೆರೆಗಳ ಪಾಡೇನು?

ಹಾಗೆಂದು ಆ ಪಕಾರ ಪೂರ್ತಿಯಾಗಿ ಸತ್ತಿಲ್ಲ. ಸಂತೆಯಲ್ಲಿ ತೆಂಗಿನಕಾಯಿ ಎಣಿಸುವವನು ‘ಹತ್ತು’ ಎಂದು ಹಕಾರದಲ್ಲಿ ಎಣಿಸಿ, ಮುಂದೆ ‘ಇಪ್ಪತ್ತು’ ಎನ್ನುತ್ತಾನೆ. ಇಪ್ಪತ್ತಿನೊಳಗೆ ಇರುವುದು ಎರಡು ‘ಪತ್ತು’. ಒಂದು ಹೊತ್ತು ಮಾತ್ರ ಉಣ್ಣುವ ವ್ರತಕ್ಕೆ ನಮ್ಮ ಹೆಂಗಸರು ‘ಒಪ್ಪೊತ್ತು’ ಎನ್ನುತ್ತಾರೆ. ಹಳಗನ್ನಡ ಯಾವುದೋ ತಾಳೆಯೋಲೆಯಲ್ಲಿ ಮಾತ್ರ ಇದೆ ಎಂದುಕೊಂಡವರು ದಿನಕ್ಕೆ ಹತ್ತು ಬಾರಿ ಅದನ್ನು ಆಡುತ್ತಲೇ ಇದ್ದಾರೆ.

ಪೊಸ ಎಂಬ ರೂಪವನ್ನು ಹಿಡಿದು ಹೊರಟರೆ ಅದರ ಒಡಹುಟ್ಟಿದವರೆಲ್ಲ ಸಿಗುತ್ತಾರೆ. ತುಳುವಿನಲ್ಲಿ ಅದು ಇಂದಿಗೂ ‘ಪೊಸ’ವೇ. ತಮಿಳಿನಲ್ಲಿ ‘ಪುದು’, ‘ಪುದಿಯ’. ಮಲೆಯಾಳದಲ್ಲಿಯೂ ‘ಪುದಿಯ’. ಹೊಸ ಬತ್ತದ ಕದಿರನ್ನು ಮನೆತುಂಬಿಸಿಕೊಳ್ಳುವ ಕೊಡಗಿನ ಹಬ್ಬ ಕೊಡವರ ಮಾತಿನಲ್ಲಿ ‘ಪುತ್ತರಿ’. ‘ಅರಿ’ ಎಂದರೆ ಅಕ್ಕಿ, ಹೊಸ ಅಕ್ಕಿ ಪುತ್ತರಿ. ಕನ್ನಡದ ಬಾಯಿಗೆ ಬಂದಾಗ ಅದೇ ‘ಹುತ್ತರಿ’. ತಮಿಳುನಾಡಿನ ಪುದುಕ್ಕೋಟ್ಟೈ ಎಂಬ ಊರಿನ ಹೆಸರನ್ನು ಕನ್ನಡಿಸಿದರೆ ಹೊಸಕೋಟೆ. ಎಂದರೆ ನಮ್ಮ ಹೊಸದುರ್ಗವೇ. ಪುದುಚೇರಿ ಎಂದರೆ ಹೊಸ ಕೇರಿ.

ಇನ್ನೂ ಸೊಗಸಾದ ಸಾಕ್ಷ್ಯ ಕಾಸರಗೋಡಿನಲ್ಲಿದೆ. ಅಲ್ಲಿಯೂ ಒಂದು ಹೊಸದುರ್ಗವಿದೆ. ಕೆಳದಿಯ ನಾಯಕರು ಕಡಲ ಕರೆಯ ಆ ಸೀಮೆಯಲ್ಲಿ ಕಟ್ಟಿಸಿದ ಕೋಟೆಯಿಂದ ಅದಕ್ಕೆ ಆ ಹೆಸರು ಬಂತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಆ ನೆಲ ಕೇರಳಕ್ಕೆ ಸೇರಿತು. ತಾಲ್ಲೂಕಿನ ಹೆಸರು ಮಾತ್ರ ಹೊಸದುರ್ಗವೇ. ಅದೇ ಕೋಟೆಯ ಆಸುಪಾಸನ್ನು ಮಲೆಯಾಳದಲ್ಲಿ ‘ಪುದಿಯಕೋಟ’ ಎನ್ನುತ್ತಾರೆ. ಒಂದೇ ಕೋಟೆ, ಒಂದೇ ಅರ್ಥ. ಒಬ್ಬರ ಬಾಯಲ್ಲಿ ಹಕಾರ, ಇನ್ನೊಬ್ಬರ ಬಾಯಲ್ಲಿ ಪಕಾರ. ಒಂದು ಮನೆಯ ಇಬ್ಬರು ಮಕ್ಕಳು ಬೇರೆಬೇರೆ ಊರಿನಲ್ಲಿ ಬೆಳೆದು, ಒಂದೇ ಜಗಲಿಯ ಮೇಲೆ ಮತ್ತೆ ಕೂತಂತೆ.

ಇನ್ನು ನಾನು ಕಪ್ಪುಹಲಗೆಯ ಮೇಲೆ ಬರೆದ ಇಂಗ್ಲಿಷ್ ಪದದ ವಿಚಾರ. ‘ನ್ಯೂ’ ಎಂಬುದಕ್ಕೂ ‘ಹೊಸ’ಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಅದರ ನೆಂಟಸ್ತಿಕೆ ಇರುವುದು ಸಂಸ್ಕೃತದ ‘ನವ’ದೊಡನೆ. ಲ್ಯಾಟಿನ್ನಿನ ‘ನೋವುಸ್’, ಗ್ರೀಕಿನ ‘ನೇಯೋಸ್’, ಪಾರಸಿಯ ‘ನೌ’, ಹಿಂದಿಯ ‘ನಯಾ’ ಇವೆಲ್ಲ ಒಂದೇ ಬಳ್ಳಿಯ ಕುಡಿಗಳು. ಆದ್ದರಿಂದ ಮದುವೆಯ ಮಂಟಪದಲ್ಲಿ ‘ನವದಂಪತಿಗಳನ್ನು ಹರಸಿ’ ಎಂದಾಗ ನಾವು ತಿಳಿಯದೆಯೇ ಇಂಗ್ಲಿಷಿನ ದಾಯಾದಿಯೊಬ್ಬನನ್ನು ಚಪ್ಪರದೊಳಕ್ಕೆ ಕರೆದಿರುತ್ತೇವೆ. ಅದೇ ಹೆಣ್ಣು ಮರುದಿನ ಅಡುಗೆಮನೆಗೆ ಬಂದಾಗ ನವವಧುವಲ್ಲ, ಹೊಸ ಸೊಸೆ. ಕರೆಯೋಲೆಗೆ ಒಂದು ಮಾತು, ಒಲೆಯ ಮುಂದಕ್ಕೆ ಇನ್ನೊಂದು ಮಾತು. ಕನ್ನಡಕ್ಕೆ ಎರಡೂ ಇವೆ, ಎರಡೂ ಬೇಕು.

ಸಾಹಿತ್ಯದಲ್ಲಿಯೂ ಇದೇ ಹಂಚಿಕೆ ಕಾಣುತ್ತದೆ. ಭಾಷೆಗೆ ಹೆಸರಿಡುವಾಗ ನಾವು ‘ಹೊಸಗನ್ನಡ’ ಎಂದೆವು. ಅದರಲ್ಲಿ ಹುಟ್ಟಿದ ಪಂಥಗಳಿಗೆ ಹೆಸರಿಡುವಾಗ ‘ನವೋದಯ’, ‘ನವ್ಯ’ ಎಂದೆವು. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗಿ ಬಂದಿತೆಂಬುದನ್ನು ನೆನೆದರೆ ನವೋದಯದ ಆ ನವತೆಗೆ ನೂರು ವರ್ಷ ತುಂಬುತ್ತಿದೆ. ನವ್ಯವೂ ಅಜ್ಜನಾಗಿ ಬಹುಕಾಲವಾಯಿತು. ನಾವು ಕಾದಂಬರಿ ಎಂದು ಕರೆಯುವುದಕ್ಕೆ ಇಂಗ್ಲಿಷಿನಲ್ಲಿರುವ ‘ನಾವೆಲ್’ ಎಂಬ ಹೆಸರಿನ ಮೂಲಾರ್ಥ ಕೂಡ ಹೊಸದು ಎಂದೇ. ಹಳೆಯ ಗ್ರಂಥಾಲಯಗಳ ಕಪಾಟುಗಳಲ್ಲಿ ಹುಳ ತಿಂದ ಎಷ್ಟೋ ‘ಹೊಸದು’ಗಳನ್ನು ನಾನು ಕಂಡಿದ್ದೇನೆ.

ಹೊಸದೆಂದು ಹೆಸರಿಟ್ಟುಕೊಂಡು ಮುದಿಯಾಗುವ ಗತಿ ನಮ್ಮೂರಿಗೆ ಮಾತ್ರ ಬಂದದ್ದಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್ ಎಂಬ ನಗರದ ಹೆಸರು ಅಕ್ಷರಶಃ ಹೊಸದುರ್ಗ. ಆ ಹೆಸರಿಗೆ ಕಾರಣವಾದ ಕೋಟೆ ಎದ್ದದ್ದು 1080ರಲ್ಲಿ. ಆಕ್ಸ್‌ಫರ್ಡಿನ ನ್ಯೂ ಕಾಲೇಜು ಸ್ಥಾಪನೆಯಾದದ್ದು 1379ರಲ್ಲಿ. ಪ್ಯಾರಿಸ್ಸಿನಲ್ಲಿ ಸೇನ್ ನದಿಯ ಮೇಲೆ ಇಂದು ಉಳಿದಿರುವ ಸೇತುವೆಗಳಲ್ಲೆಲ್ಲ ಹಳೆಯದಾದ, 1607ರಲ್ಲಿ ಮುಗಿದ ಸೇತುವೆಯ ಹೆಸರು ‘ಹೊಸ ಸೇತುವೆ’! ನಮ್ಮಲ್ಲಿಯೇ ಕೃಷ್ಣದೇವರಾಯನು ಕಟ್ಟಿಸಿದ ಪೇಟೆ ಐನೂರು ವರ್ಷಗಳಾದರೂ ಹೊಸಪೇಟೆ. ಊರುಗಳಿಗೆ ಇದರಿಂದ ನೋವೇನೂ ಆಗುವುದಿಲ್ಲ. ಕಲ್ಲಿಗೆ ತನ್ನನ್ನು ಏನೆಂದು ಕರೆದರೇನು?

ಇಷ್ಟು ಪದದ ಹುಟ್ಟು. ಇನ್ನು ಅದರ ನಡೆ. ‘ನ್ಯೂ ಎಂದರೆ ಹೊಸ’ ಎಂದು ನಾನು ಸುಲಭವಾಗಿ ಹೇಳಿಬಿಟ್ಟೆನಾದರೂ ಈ ಎರಡು ಪದಗಳು ವಾಕ್ಯದಲ್ಲಿ ನಡೆದುಕೊಳ್ಳುವ ರೀತಿ ಒಂದೇ ಅಲ್ಲ. ಇಂಗ್ಲಿಷಿನವನು ‘ಹೊಸ ಮನೆ’ ಎನ್ನುವಂತೆ ‘ಮನೆ ಹೊಸ’ ಎಂದೂ ಹೇಳಬಲ್ಲ. ಅವನ ವಿಶೇಷಣ ನಾಮಪದದ ಕೈ ಬಿಟ್ಟು ವಾಕ್ಯದ ತುದಿಯಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಕನ್ನಡಿಗ ಹಾಗೆ ಹೇಳಲಾರ. ‘ಮನೆ ಹೊಸದು’ ಎನ್ನಬೇಕು. ಮನುಷ್ಯನಾದರೆ ‘ಹೊಸಬ’, ‘ಹೊಸಬಳು’, ‘ಹೊಸಬರು’ ಎನ್ನಬೇಕು. ನಮ್ಮ ‘ಹೊಸ’ ಒಂಟಿಯಾಗಿ ನಿಲ್ಲದ ಮಾತು. ಅದಕ್ಕೆ ಒರಗಿಕೊಳ್ಳಲು ಒಂದು ವಸ್ತು ಬೇಕು, ಒಬ್ಬ ಮನುಷ್ಯ ಬೇಕು. ಒಮ್ಮೆ ಒರಗಿಕೊಂಡಿತೆಂದರೆ ಹಾಗೆಯೇ ಅಂಟಿಕೊಂಡು ಅವನ ಹೆಸರೇ ಆಗಿಬಿಡುತ್ತದೆ.

ಅರ್ಥದಲ್ಲಿಯೂ ಅದು ಒಂದೇ ಮುಖದ ಮಾತಲ್ಲ. ಹೊಸ ಬಟ್ಟೆ ಎಂದರೆ ಯಾರೂ ಉಡದಿದ್ದ ಬಟ್ಟೆ. ಹೊಸ ಅಕ್ಕಿ ಎಂದರೆ ಈ ಸುಗ್ಗಿಯದು. ಆದರೆ ಅದು ಅನ್ನ ಮಾಡಿದರೆ ಮುದ್ದೆಯಾಗುತ್ತದೆಂದು ಮನೆಯ ಹಿರಿಯರು ಹಳೆಯ ಅಕ್ಕಿಯನ್ನೇ ಮೆಚ್ಚುತ್ತಾರೆ. ‘ಏನು ಹೊಸದು?’ ಎಂದು ಕೇಳಿದರೆ ಸುದ್ದಿ ಬೇಕೆಂದು ಅರ್ಥ. ‘ಮದುವೆಯಾದ ಹೊಸದರಲ್ಲಿ’ ಎಂದರೆ ಅದು ವಸ್ತುವೇ ಅಲ್ಲ, ಕಾಲ. ಅದೂ ಮುಗಿದುಹೋದ ಕಾಲ. ‘ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ’ ಎಂಬ ಗಾದೆಯಲ್ಲಿ ಹೊಸತನದ ಉತ್ಸಾಹವೂ ಇದೆ, ಅದು ಬಾಳುವುದಿಲ್ಲವೆಂಬ ನಗೆಯೂ ಇದೆ.

ಬರಗಾಲದ ಸೀಮೆಯವರಾದ ನಮಗೆ ಇವೆಲ್ಲಕ್ಕಿಂತ ಪ್ರಿಯವಾದ ಹೊಸದು ಬೇರೊಂದಿದೆ: ಹೊಸ ನೀರು. ಮಳೆಗಾಲದಲ್ಲಿ ವೇದಾವತಿಗೆ ಮೊದಲು ಬರುವ ಕೆಂಪು ನೀರು ಅದು. ಕುಡಿಯಲು ಬಾರದು, ಕಸಕಡ್ಡಿ ತೇಲುತ್ತಿರುತ್ತದೆ. ಆದರೂ ‘ಹೊಸ ನೀರು ಬಂತು’ ಎಂದರೆ ಊರಿಗೆ ಊರೇ ದಂಡೆಗೆ ಓಡುತ್ತದೆ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ಈ ಹೊಳೆಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣವಾಯಿತು. 1933ರಲ್ಲಿ ಅದು ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಂದರೆ 89 ವರ್ಷಗಳ ಮೇಲೆ. ಅಂದು ಕೋಡಿಯ ನೀರನ್ನು ನೋಡಲು ನೆರೆದ ಮುದುಕರೆಲ್ಲ ಹುಡುಗರಂತೆ ನಿಂತಿದ್ದರು. ಅವರಿಗೆ ಅದು ಜೀವಮಾನದಲ್ಲಿಯೇ ಹೊಸ ನೋಟ.

ಆ ನೀರಿನ ಮಾತು ಬಂದುದರಿಂದ ನಮ್ಮ ಮನೆಯ ಮಾತನ್ನೂ ಹೇಳಬೇಕಾಗಿದೆ. ಹುಡುಗನ ಎರಡನೆಯ ಪ್ರಶ್ನೆಗೆ ಉತ್ತರ ಯಾವ ನಿಘಂಟಿನಲ್ಲಿಯೂ ನನಗೆ ಸಿಗಲಿಲ್ಲ. ಸಿಕ್ಕಿದ್ದು ಮನೆಯಲ್ಲಿ.

ಅಣೆಕಟ್ಟು ಏಳುತ್ತಿದ್ದಂತೆ ಹಿನ್ನೀರಿನ ಪಾಲಾಗಲಿದ್ದ ಹಳ್ಳಿಗಳವರು ಎತ್ತರದ ಜಾಗಗಳಿಗೆ ಎದ್ದು ಹೋಗಬೇಕಾಯಿತು. ಹಾಗೆ ಗಾಡಿ ಕಟ್ಟಿಕೊಂಡು ಹೊರಟವರಲ್ಲಿ ನಮ್ಮ ಮುತ್ತಜ್ಜನೂ ಒಬ್ಬ. ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಅಂಚಿನಲ್ಲಿ ಮನೆ ಕಟ್ಟಿದ. ಊರಿನವರು ಕೆಟ್ಟವರಲ್ಲ, ಜಾಗ ಕೊಟ್ಟರು, ಮೊದಲ ವರ್ಷ ಬೀಜದ ರಾಗಿಯನ್ನೂ ಕೊಟ್ಟರು. ಗುರುತಿಗೆಂದು ಆ ಮನೆಗೆ ‘ಹೊಸಬರ ಮನೆ’ ಎಂದು ಹೆಸರಿಟ್ಟರು.

ನನ್ನ ಅಜ್ಜಿ 1914ರ ಸುಮಾರಿಗೆ ಆ ಮನೆಗೆ ಸೊಸೆಯಾಗಿ ಬಂದಳು. “ಹೊಸಬರ ಮನೆಗೆ ಹೊಸ ಸೊಸೆ ನಾನು. ಎರಡು ಸಲ ಹೊಸಬಳು” ಎಂದು ಅವಳೇ ಹೇಳಿ ನಗುತ್ತಿದ್ದಳು. ಆ ನಗುವಿನ ಒಳಗೆ ಏನಿತ್ತೆಂಬುದು ಚಿಕ್ಕವನಾದ ನನಗೆ ತಿಳಿಯುತ್ತಿರಲಿಲ್ಲ. ಊರ ದೇವರ ತೇರು ಮುಗಿದ ಮೇಲೆ ಮನೆಮನೆಯ ಹೆಸರು ಹಿಡಿದು ವೀಳ್ಯ ಕೊಡುವ ಪದ್ಧತಿ ನಮ್ಮೂರಿನಲ್ಲಿತ್ತು. ಗೌಡರ ಮನೆ, ಶಾನುಭೋಗರ ಮನೆ, ಪಟೇಲರ ಮನೆ, ಬಾವಿಮನೆ, ಮೇಗಲಮನೆ ಎಂದು ಒಂದೊಂದಾಗಿ ಕೂಗುತ್ತಿದ್ದರು. ಎಲ್ಲರದೂ ಆದ ಮೇಲೆ, ಕೆಲವೊಮ್ಮೆ ತಟ್ಟೆಯಲ್ಲಿ ಎಲೆ ಮುಗಿದು ಅಡಿಕೆ ಮಾತ್ರ ಉಳಿದಿರುವಾಗ, ‘ಹೊಸಬರ ಮನೆ’ ಎಂಬ ಕೂಗು ಬರುತ್ತಿತ್ತು. ಅಜ್ಜಿ ಅಷ್ಟು ಹೊತ್ತೂ ಸೆರಗನ್ನು ಹೊದ್ದು ಬಾಗಿಲಲ್ಲಿ ನಿಂತು, “ಕರೆದರೇನೋ? ಕರೆದರೇನೋ?” ಎಂದು ನನ್ನನ್ನು ಕೇಳುತ್ತಿದ್ದಳು. ವೀಳ್ಯ ಅವಳಿಗೆ ಬೇಕಿರಲಿಲ್ಲ. ಅವಳಿಗೆ ಹಲ್ಲೇ ಇರಲಿಲ್ಲ.

ಅವಳು ತೀರಿಕೊಂಡದ್ದು 1982ರಲ್ಲಿ. ಆ ಊರಿನಲ್ಲಿ 68 ವರ್ಷ ಬಾಳಿದ್ದಳು. ಊರಿನ ಎಷ್ಟೋ ಮಕ್ಕಳ ಹೆರಿಗೆಗೆ ಅವಳ ಕೈ ಆಸರೆಯಾಗಿತ್ತು. ಅಂದು ಬೆಳಿಗ್ಗೆ ಸುದ್ದಿ ಹೇಳುತ್ತ ಹೊರಟವನು ಬೀದಿಯಲ್ಲಿ ಕೂಗಿದ: “ಹೊಸಬರ ಮನೆ ಅಜ್ಜಿ ಹೋಯ್ತಂತೆ!” ಕೂಗಿದವನು ಅವಳ ಕೈಯಲ್ಲಿಯೇ ನೆಲಕ್ಕೆ ಬಿದ್ದ ಮಗು. ಅವನ ದನಿಯಲ್ಲಿ ದುಃಖವಿತ್ತು. ಕುಹಕ ಎಳ್ಳಷ್ಟೂ ಇರಲಿಲ್ಲ. ಆದರೂ ಆ ಮಾತು ನನ್ನನ್ನು ಚುಚ್ಚಿತು. ನಾನು ಆಗ ತರುಣ. ಈ ಊರಿನಲ್ಲಿ ಎಷ್ಟು ಸಾವುಗಳಾದರೆ ಒಂದು ಮನೆ ಹಳೆಯದಾಗುತ್ತದೆ ಎಂದು ಅಪ್ಪನನ್ನು ಕೇಳಿದೆ. ಅಪ್ಪ ಉತ್ತರ ಕೊಡಲಿಲ್ಲ.

ಆ ಕಹಿಯನ್ನು ನಾನು ಬಹಳ ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ. ಈ ಭಾಷಣ ಅಲ್ಲಿಗೇ ಮುಗಿದಿದ್ದರೆ ಊರಿನವರ ಮೇಲಿನ ಒಂದು ದೂರಾಗಿ ಮುಗಿಯುತ್ತಿತ್ತು. ಆದರೆ ಕತೆ ಇನ್ನೂ ಇದೆ, ಮತ್ತು ಅದರಲ್ಲಿ ತಪ್ಪು ನನ್ನದು.

ನಿವೃತ್ತನಾದ ಮೇಲೆ ನಾನು ಹಳ್ಳಿಯ ಮನೆಗೇ ಮರಳಿದೆ. ನಮ್ಮ ಎದುರಿನ ಮನೆಗೆ ಹೊಳಲ್ಕೆರೆಯ ಕಡೆಯಿಂದ ಒಂದು ಕುಟುಂಬ ಬಂದು ನೆಲೆಸಿತ್ತು. ಕೊಳವೆಬಾವಿಗಳು ಬತ್ತಿ ಅವರ ಅಡಿಕೆ ತೋಟ ಒಣಗಿಹೋಗಿತ್ತು. ಇದ್ದುದನ್ನು ಮಾರಿ, ಹಿನ್ನೀರಿನ ಕಡೆಗೆ ಬಂದು, ಗುತ್ತಿಗೆಗೆ ಹೊಲ ಹಿಡಿದು, ಎರಡು ಹಸು ಕಟ್ಟಿದ್ದರು. ಒಂದು ದಿನ ಅವರ ಹಸು ನಮ್ಮ ಹಿತ್ತಿಲಿಗೆ ನುಗ್ಗಿ ಅವರೆಗಿಡಗಳನ್ನೆಲ್ಲ ಮೇಯ್ದು ಹೋಯಿತು. ಸಂಜೆ ಹಾಲು ಹಾಕುವ ಕಟ್ಟೆಯ ಬಳಿ ನಾಲ್ಕು ಜನರ ಮುಂದೆ ನಾನು ಗೊಣಗಿದೆ: “ಆ ಹೊಸಬರ ಹಸುವಿನಿಂದ ಸಾಕಾಯಿತಪ್ಪ.”

ಹಾಲು ಅಳೆಯುವ ಹುಡುಗ ತಲೆ ಎತ್ತಿದ. “ಯಾವ ಹೊಸಬರು ಮೇಷ್ಟ್ರೇ? ಹೊಸಬರ ಮನೆ ನಿಮ್ಮದೇ ಅಲ್ವಾ?” ಎಂದ.

ಅವನು ಹಾಸ್ಯ ಮಾಡಲಿಲ್ಲ. ಅವನ ಪುಸ್ತಕದಲ್ಲಿ ನಮ್ಮ ಮನೆಯ ಹಾಲಿನ ಲೆಕ್ಕ ಆ ಹೆಸರಿನಲ್ಲಿಯೇ ಇತ್ತು. ಅವನಿಗೆ ಅದು ‘ಬಾವಿಮನೆ’ ಎಂಬಂತೆ ಒಂದು ಹೆಸರು, ಅಷ್ಟೆ. ಅದರೊಳಗೆ ಒಂದು ಅಣೆಕಟ್ಟಿದೆ, ಮುಳುಗಿದ ಊರಿದೆ, ಬಾಗಿಲಲ್ಲಿ ನಿಂತ ಮುದುಕಿ ಇದ್ದಾಳೆ ಎಂಬುದು ಅವನಿಗೆ ಗೊತ್ತಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದವನ ಬಾಯಿಂದಲೇ ಆ ಮಾತು ಬಂದಿತ್ತು. ಲೆಕ್ಕ ಹಾಕಿ ನೋಡಿದೆ: ಎದುರುಮನೆಯವರು ಬಂದು ಆಗಲೇ 11 ವರ್ಷಗಳಾಗಿದ್ದವು. ಅವರ ಕಿರಿಯ ಮಗ ಈ ಊರಿನಲ್ಲಿಯೇ ಹುಟ್ಟಿದವನು. ನನಗೆ ಅವರ ಹಸುವಿನ ಗುಣ ತಿಳಿದಿತ್ತು. ಮನೆಯೊಡತಿಯ ಹೆಸರು ತಿಳಿದಿರಲಿಲ್ಲ.

ಅಂದು ರಾತ್ರಿ ಆ ಶಾಲೆಯ ಹುಡುಗ ನೆನಪಾದ. ‘ಇನ್ನೂ ಎಷ್ಟು ವರ್ಷ ಹೊಸದು ಅಂತಾರೆ ಸಾರ್?’ ಅವನು ಕೇಳಿದ್ದು ಊರಿನ ಹೆಸರಿನ ವಿಚಾರವೆಂದು ನಾನು ಭಾವಿಸಿದ್ದೆ. ಅವನು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಹುಡುಗ. ಆ ವರ್ಷವೇ ಬೇರೆ ಶಾಲೆಯಿಂದ ಬಂದು ಸೇರಿದವನು ಎಂಬುದು ಆಗ ನನ್ನ ಗಮನಕ್ಕೆ ಬಂದಿರಲಿಲ್ಲ.

ಭಾಷೆಯನ್ನು ದೂರುವುದು ಸುಲಭ. ಆದರೆ ‘ಹೊಸ’ ಎಂಬ ಮಾತಿನಲ್ಲಿ ತಪ್ಪಿಲ್ಲ. ಬಂದವರನ್ನು ಬಂದ ದಿನ ಹೊಸಬರೆನ್ನುವುದು ಸಹಜ. ಹೊಸಬರೆಂದರೆ ದಾರಿ ತೋರಿಸಬೇಕಾದವರು, ನೀರು ಕೊಡಬೇಕಾದವರು, ಬಾವಿ ಎಲ್ಲಿದೆ ಎಂದು ಹೇಳಬೇಕಾದವರು. ನಮ್ಮ ಮುತ್ತಜ್ಜನಿಗೆ ಊರಿನವರು ಬೀಜದ ರಾಗಿ ಕೊಟ್ಟದ್ದು ಆ ಅರ್ಥದಲ್ಲಿಯೇ. ವಿಶೇಷಣವೆಂಬುದು ಹೇಳುವವನಿಗೂ ಹೇಳಿಸಿಕೊಂಡವನಿಗೂ ನಡುವೆ ಇರುವ ಒಂದು ಅಳತೆ. ಹಿರಿ ಎನ್ನಬೇಕಾದರೆ ಪಕ್ಕದಲ್ಲಿ ಒಂದು ಕಿರಿದು ಇರಬೇಕು. ಹೊಸ ಎನ್ನಬೇಕಾದರೆ ಹಿಂದೆ ಒಂದು ಹಳತು ಇರಬೇಕು. ಅಳತೆ ಮಾಡಿದ ದಿನ ಅದು ಸರಿಯಾಗಿಯೇ ಇರುತ್ತದೆ. ಆಮೇಲೆ ಮತ್ತೊಮ್ಮೆ ಅಳೆದು ನೋಡದೆ ಬಿಡುವುದು ನಮ್ಮ ಸೋಮಾರಿತನ. ಕೋಟೆಯನ್ನು ಮತ್ತೆ ಅಳೆಯಬೇಕಾಗಿಲ್ಲ. ಮನುಷ್ಯನನ್ನು ಅಳೆಯಬೇಕು.

ಮರುದಿನ ಬೆಳಿಗ್ಗೆ ನಾನು ಎದುರುಮನೆಗೆ ಹೋದೆ. ಹಸುವಿನ ದೂರು ತಂದಿದ್ದೇನೆಂದು ಆ ತಾಯಿ ಹೆದರಿದರು. “ತಪ್ಪಾಯ್ತು ಮೇಷ್ಟ್ರೇ, ಹಗ್ಗ ಬಿಗಿ ಮಾಡಿಸ್ತೀನಿ” ಎಂದರು. ಅದಕ್ಕಲ್ಲ, ನಿಮ್ಮ ಹೆಸರು ಕೇಳಿ ಹೋಗೋಣವೆಂದು ಬಂದೆ ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, ಆಮೇಲೆ ಹೇಳಿದರು. ಚಹಾ ಕೊಟ್ಟರು. ಹೊಳಲ್ಕೆರೆಯ ಕಡೆಯ ತಮ್ಮ ಊರಿನ ಹೆಸರನ್ನೂ, ಅಲ್ಲಿ ಒಣಗಿದ ತೋಟದ ಬದುವಿನಲ್ಲಿ ಇನ್ನೂ ಹಸಿರಾಗಿರುವ ಒಂದು ಹಲಸಿನ ಮರದ ವಿಚಾರವನ್ನೂ ಹೇಳಿದರು. ಎದ್ದು ಬರುವಾಗ ಅವರೇ ಕೇಳಿದರು: “ನಿಮ್ಮ ಮನೆಗೆ ಹೊಸಬರ ಮನೆ ಅಂತ ಯಾಕೆ ಅಂತಾರೆ ಮೇಷ್ಟ್ರೇ? ಈ ಊರಿಗೆಲ್ಲ ಹಳೇದು ನಿಮ್ಮದೇ ಮನೆ ಅಂತ ನಾವಂದುಕೊಂಡಿದ್ವಿ.”

ಅಜ್ಜಿ ಇದ್ದಿದ್ದರೆ ಈ ಮಾತನ್ನು ಅವಳಿಗೆ ಹೇಳಬೇಕಾಗಿತ್ತು. ಊರಿನವರು 68 ವರ್ಷ ಆಡದೆ ಉಳಿಸಿದ ಮಾತನ್ನು ಹೊಳಲ್ಕೆರೆಯ ಕಡೆಯಿಂದ ಬಂದವರೊಬ್ಬರು, ನನ್ನ ಲೆಕ್ಕದ ಹೊಸಬರೊಬ್ಬರು, ಚಹಾದ ಲೋಟ ಹಿಡಿದುಕೊಂಡು ಸಹಜವಾಗಿ ಆಡಿದರು.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಈ ಮಾತು ಅವನ ಕಿವಿಗೆ ಬಿದ್ದರೆ, ಅಂದು ಕೂರಿಸಿದ್ದಕ್ಕೆ ಕ್ಷಮೆಯನ್ನೂ, ತಡವಾಗಿ ಬಂದ ಈ ಉತ್ತರವನ್ನೂ ಸ್ವೀಕರಿಸಲಿ. ಹಳೆಯ ದುರ್ಗ ಚಿತ್ರದುರ್ಗದಲ್ಲಿದೆ, ಮಗು. ಹೊಸದುರ್ಗಕ್ಕೆ ಮುನ್ನೂರು ವರ್ಷ ದಾಟಿದೆ. ಅದರ ತಲೆಯ ಮೇಲಿರುವ ‘ಹೊಸ’ ಎಂಬ ಮಾತಿಗೆ ಸಾವಿರ ದಾಟಿದೆ. ಊರನ್ನು ಇನ್ನೂ ಸಾವಿರ ವರ್ಷ ಹಾಗೆಯೇ ಕರೆಯಲಿ, ಚಿಂತೆಯಿಲ್ಲ. ಮನುಷ್ಯರ ಮಟ್ಟಿಗೆ ನೀನು ಕೇಳಿದ ಪ್ರಶ್ನೆಗೆ ನನಗೆ ಸಿಕ್ಕಿದ ಉತ್ತರ ಇಷ್ಟೇ: ಅವರ ಹೆಸರನ್ನು ಕೇಳುವವರೆಗೆ.